ದಂಡ ಡ್ರೈವರಿಗೆ ಮಾತ್ರ ಯಾಕೆ, ಟೈಮಿಂಗ್ ಬರೆದವರಿಗೂ ಒಂದು ನೋಟೀಸ್ ಹೋಗ್ಲಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಓದುಗರ ಕಾಲಮಿನಲ್ಲಿ ಓವರ್‌ಸ್ಪೀಡ್ ಬಗ್ಗೆ ಪತ್ರ ಬರುದು ನಿಂತೇ ಇಲ್ಲ. ಒಬ್ರು ದಂಡ ಹತ್ತು ಪಟ್ಟು ಮಾಡಿ ಅಂತಾರೆ, ಇನ್ನೊಬ್ರು ಲೈಸೆನ್ಸ್ ಕಿತ್ಕೊಳ್ಳಿ ಅಂತಾರೆ, ಮತ್ತೊಬ್ರು ಜಂಕ್ಷನ್ ಜಂಕ್ಷನ್ನಿಗೆ ಕ್ಯಾಮೆರಾ ಹಾಕಿ ಅಂತಾರೆ. ಯಾವುದೂ ತಪ್ಪು ಅಂತ ನಾನು ಹೇಳುದಿಲ್ಲ, ಆದ್ರೆ ಎಲ್ರೂ ಡ್ರೈವರ್ ಸೀಟಿನ ಹತ್ರ ಬಂದು ನಿಂತುಬಿಡ್ತಾರೆ, ಅವನನ್ನು ಓಡಿಸ್ತಾ ಇರುವವರು ಯಾರು ಅಂತ ಒಬ್ರೂ ಕೇಳುದಿಲ್ಲ. ನಮ್ಮ ಮೋಟಾರು ವಾಹನ ಕಾಯ್ದೆ ಮಾತ್ರ ಅದನ್ನು ಯಾವತ್ತೋ ಕೇಳಿ ಆಗಿದೆ. ಲಿಮಿಟ್ ಮೀರಿ ಓಡಿಸಿದವನಿಗೆ ಮಾತ್ರ ಅಲ್ಲ, ಹಾಗೆ ಓಡಿಸ್ಲಿಕ್ಕೆ ಹಚ್ಚಿದವರಿಗೂ ದಂಡ ಅಂತ ಸೆಕ್ಷನ್ 183ರಲ್ಲಿ ಬರೆದೇ ಉಂಟು, ಓದಿದವರು ಕಮ್ಮಿ, ಅದನ್ನು ಹಿಡ್ಕೊಂಡು ಕೇಸು ಹಾಕಿದವರನ್ನಂತೂ ನಾನು ನೋಡಿಲ್ಲ.

ನಾನು ಕಟಪಾಡಿಯವಳು. ಮಂಗ್ಳೂರಲ್ಲಿ ಒಬ್ರು ವಕೀಲರ ಆಫೀಸಲ್ಲಿ ಟೈಪಿಂಗ್ ಕೆಲಸ, ಅಲ್ಲಿಗೆ ಜಾಸ್ತಿ ಬರುದು ಆಕ್ಸಿಡೆಂಟ್ ಕ್ಲೇಮಿನ ಫೈಲುಗಳೇ. ಹೋಗುದು ಬರುದು ಎಕ್ಸ್‌ಪ್ರೆಸ್ ಬಸ್ಸಲ್ಲಿ. ಹಾಗಾಗಿ ಕಾಯ್ದೆ ಪುಸ್ತಕವೂ ಟೇಬಲ್ ಮೇಲೆ ಉಂಟು, ಬಸ್ಸಿನ ಸ್ಪೀಡೂ ದಿನಾ ಮೈಗೆ ಬೀಳ್ತದೆ, ಈ ಪತ್ರಕ್ಕೆ ಅಷ್ಟೇ ಅರ್ಹತೆ, ವಕೀಲೆ ಅಲ್ಲ.

ಮೊದ್ಲು ದಂಡದ ಲೆಕ್ಕ ಹೇಳಿಬಿಡ್ತೇನೆ, ಯಾಕಂದ್ರೆ ವಾಟ್ಸಾಪಲ್ಲಿ ಬರುವ ಪಟ್ಟಿಗಳಲ್ಲಿ ಅರ್ಧಕ್ಕರ್ಧ ಸುಳ್ಳು. 1988ರ ಕಾಯ್ದೆಯಲ್ಲಿ ಓವರ್‌ಸ್ಪೀಡಿಗೆ ಮೊದಲ ಸಲ 400 ರೂಪಾಯಿವರೆಗೆ, ಎರಡನೇ ಸಲ 1000ದವರೆಗೆ ದಂಡ ಇತ್ತು. 2019ರಲ್ಲಿ ತಿದ್ದುಪಡಿ ಆಯ್ತು, ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು, ಅವತ್ತಿನಿಂದ ಕಾರು ತರದ ಲೈಟ್ ವಾಹನಗಳಿಗೆ 1000ದಿಂದ 2000, ಬಸ್ಸು ಲಾರಿಯಂಥ ದೊಡ್ಡ ಗಾಡಿಗಳಿಗೆ 2000ದಿಂದ 4000. ಎರಡನೇ ಸಲ ಸಿಕ್ಕಿಬಿದ್ರೆ ಲೈಸೆನ್ಸ್ ವಶಕ್ಕೆ ತಗೊಳ್ಳಿ ಅಂತಲೂ ಸೇರಿಸಿದ್ರು. ಆ ತಿಂಗಳು ರಾಜ್ಯದಲ್ಲಿ ಎಂಥ ಗಲಾಟೆ ಆಯ್ತು ಅಂತ ನಿಮಗೆ ನೆನಪಿರ್ಬಹುದು, ಸ್ಕೂಟರಿನ ರೇಟಿಗಿಂತ ದಂಡ ಜಾಸ್ತಿ ಅಂತ ಜನ ಬೊಬ್ಬೆ ಹಾಕಿದ್ರು, ಅದೇ ತಿಂಗಳು ನಮ್ಮ ಸರ್ಕಾರ ಕೆಲವು ದಂಡ ಇಳಿಸಿತು, ಹೆಲ್ಮೆಟ್ ಇಲ್ಲದ್ದಕ್ಕೆ 1000 ಇದ್ದದ್ದು 500 ಆಯ್ತು, ಕಾರಿನವರಿಗೆ ಓವರ್‌ಸ್ಪೀಡಿಗೆ 1000 ಅಂತ ನಿಂತಿತು. ಕಾಯ್ದೆಯಲ್ಲಿ ಸೆಕ್ಷನ್ 210ಎ ಅಂತ ಒಂದುಂಟು, ರಾಜ್ಯ ಮನಸ್ಸು ಮಾಡಿದ್ರೆ ದಂಡವನ್ನು ಹತ್ತು ಪಟ್ಟಿನವರೆಗೆ ಏರಿಸ್ಬಹುದು. ಏರಿಸುವ ಅಧಿಕಾರ ಕೊಟ್ರೆ ಇವ್ರು ಇಳಿಸಿದ್ರು, ವೋಟು ಹಾಕುವವರೆಲ್ಲ ಗಾಡಿ ಓಡಿಸುವವರೇ ಅಲ್ವಾ.

ಮತ್ತೆ ಆ ಅರ್ಧ ರೇಟಿನ ಆಫರು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ 50 ಪರ್ಸೆಂಟ್ ರಿಯಾಯಿತಿ ಬಂತು, ಬೆಂಗ್ಳೂರೊಂದರಲ್ಲೇ ಕೆಲವೇ ದಿನಗಳಲ್ಲಿ ನೂರು ಕೋಟಿಗಿಂತ ಜಾಸ್ತಿ ವಸೂಲಾಯ್ತು, ಎಲ್ರೂ ಚಪ್ಪಾಳೆ ಹೊಡೆದ್ರು. ಅದಾದ್ಮೇಲೂ ಆಗಾಗ ಬಂತು. ಈಗ ನೋಡಿ, ನೋಟೀಸ್ ಬಂದ ಕೂಡ್ಲೇ ಕಟ್ಟುವವರು ಯಾರೂ ಇಲ್ಲ, ಆಷಾಢದ ಸೀರೆ ಸೇಲಿಗೆ ಕಾಯುವ ಹಾಗೆ ಕಾಯ್ತಾರೆ. ನಮ್ಮ ಆಫೀಸಿಗೆ ಬರುವ ಕಕ್ಷಿದಾರರೇ ಕೇಳ್ತಾರೆ, ಮೇಡಂ ಈ ಸಲದ ಆಫರ್ ಯಾವಾಗ ಅಂತ.

ಇನ್ನು ಬೆಂಗ್ಳೂರು ಮೈಸೂರು ಹೈವೇ. 2023ರ ಮಾರ್ಚ್ 12ಕ್ಕೆ ಪ್ರಧಾನಿ ಮಂಡ್ಯದಲ್ಲಿ ಉದ್ಘಾಟನೆ ಮಾಡಿದ್ರು, ಅದರ ಬೆನ್ನಿಗೇ ಸಾವಿನ ಸುದ್ದಿ ಶುರುವಾಯ್ತು, ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಎಲ್ಲ ಮೇನ್ ರೋಡಿಗೆ ಬರುವ ಹಾಗಿಲ್ಲ ಅಂತ ಮಾಡಿದ್ರು, ಆಮೇಲೆ ಕ್ಯಾಮೆರಾ ಕಂಬ ನಿಲ್ಲಿಸಿದ್ರು. ಅಲ್ಲಿ ಲಿಮಿಟ್ 100. ಒಂದು ವರ್ಷ ಕಳೆದು, 2024ರ ಆಗಸ್ಟ್ 1ರಿಂದ, ರಾಜ್ಯದಲ್ಲಿ ಎಲ್ಲೇ ಆಗ್ಲಿ 130 ದಾಟಿದವರ ಮೇಲೆ ಬರೀ ದಂಡ ಅಲ್ಲ, ಎಫ್‌ಐಆರ್ ಅಂತ ಆಗ ಟ್ರಾಫಿಕ್ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಹೇಳಿದ್ರು. ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯ 281 ಬೀಳ್ತದೆ, ಆರು ತಿಂಗಳವರೆಗೆ ಜೈಲು, ಇಲ್ಲ 1000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಒಳ್ಳೆ ಕೆಲಸವೇ, ನಾನು ಬೇಡ ಹೇಳುದಿಲ್ಲ. ಸ್ವಂತ ಕಾರಲ್ಲಿ ಶೋಕಿಗೆ 140 ಹೊಡೆಯುವವನಿಗೆ ಇದು ಸರಿಯಾದ ಮದ್ದು, ಅವನಿಗೆ ಯಾರೂ ಅರ್ಜೆಂಟ್ ಮಾಡಿರುದಿಲ್ಲ, ಅದು ಅವನದ್ದೇ ತೆವಲು.

ಆದ್ರೆ ನಮ್ಮ ಕರಾವಳಿಯ ರಸ್ತೆಯಲ್ಲಿ ಓಡುವ ಸ್ಪೀಡು ಬೇರೆ ಜಾತಿಯದ್ದು. ಇಲ್ಲಿ ಡ್ರೈವರಿಗೆ ಶೋಕಿ ಇಲ್ಲ, ಸಂಬಳ ಉಂಟು.

ಈಗ ಸೆಕ್ಷನ್ 183ಕ್ಕೆ ಬನ್ನಿ. ಅದರ ಒಂದನೇ ಉಪಕಲಂ ಸ್ಪೀಡ್ ಲಿಮಿಟ್ ಮೀರಿ ಓಡಿಸಿದವನಿಗೆ ಮಾತ್ರ ದಂಡ ಅಂತ ಹೇಳುದಿಲ್ಲ, ತನ್ನ ಕೈಕೆಳಗೆ ಕೆಲಸ ಮಾಡುವವನಿಂದ ಹಾಗೆ ಓಡಿಸಿದವನಿಗೂ ಅದೇ ದಂಡ ಅಂತ ಹೇಳ್ತದೆ. ನಾಲ್ಕನೇ ಉಪಕಲಂ ಇನ್ನೂ ಸ್ಪಷ್ಟ. ಯಾರಾದ್ರೂ ಒಂದು ಟೈಮ್‌ಟೇಬಲ್ ಪ್ರಕಟ ಮಾಡಿದ್ರೆ, ಇಲ್ಲ ಇಂತಿಷ್ಟು ಹೊತ್ತಿನಲ್ಲಿ ಈ ಪ್ರಯಾಣ ಮುಗಿಸ್ಬೇಕು ಅಂತ ಆರ್ಡರ್ ಕೊಟ್ರೆ, ಸ್ಪೀಡ್ ಲಿಮಿಟ್ ಮೀರದೆ ಅಷ್ಟು ಹೊತ್ತಲ್ಲಿ ಮುಟ್ಟಲಿಕ್ಕೆ ಸಾಧ್ಯವೇ ಇಲ್ಲ ಅಂತ ಕೋರ್ಟಿಗೆ ಕಂಡ್ರೆ, ಆ ಟೈಮ್‌ಟೇಬಲ್ಲೇ ಅದನ್ನು ಮಾಡಿದವರ ವಿರುದ್ಧ ಮೇಲ್ನೋಟದ ಸಾಕ್ಷ್ಯ. ಅಂದ್ರೆ ರಾಡಾರ್ ಗನ್ ಬೇಡ, ಕ್ಯಾಮೆರಾ ಬೇಡ, ರಸ್ತೆ ಬದಿಯಲ್ಲಿ ಬಿಸಿಲಿಗೆ ಪೊಲೀಸ್ ನಿಲ್ಲುದೂ ಬೇಡ. ಒಂದು ಕಾಗದ, ಒಂದು ಕಿಲೋಮೀಟರ್ ಪಟ್ಟಿ, ಒಂದು ಕ್ಯಾಲ್ಕುಲೇಟರ್ ಸಾಕು. 1988ರಿಂದ ಇದು ಕಾಯ್ದೆಯಲ್ಲಿ ಕೂತಿದೆ ಮಾರಾಯ್ರೆ, 2019ರಲ್ಲಿ ಉಳಿದದ್ದನ್ನೆಲ್ಲ ತಿದ್ದಿದಾಗಲೂ ಇದನ್ನು ತೆಗೀಲಿಲ್ಲ.

ಉಡುಪಿ ಮಂಗ್ಳೂರು ರೂಟಲ್ಲಿ ಓಡಾಡದವರಿಗೆ ಟೈಮಿಂಗ್ ಅಂದ್ರೆ ಎಂತ ಅಂತ ಗೊತ್ತಾಗ್ಲಿಕ್ಕಿಲ್ಲ, ಸ್ವಲ್ಪ ಬಿಡಿಸಿ ಹೇಳ್ತೇನೆ. ಇಲ್ಲಿ ಸರ್ಕಾರಿ ಬಸ್ಸು ಕಮ್ಮಿ, ಖಾಸಗಿಯೇ ಜಾಸ್ತಿ, ಒಂದೇ ರೂಟಲ್ಲಿ ಹತ್ತಾರು ಓನರುಗಳು. ಒಂದು ಬಸ್ಸಿನ ಟೈಮಿಗೂ ಅದರ ಹಿಂದಿನದ್ದರ ಟೈಮಿಗೂ ಬೆಳಿಗ್ಗೆ ಹೊತ್ತು ಎರಡು ಮೂರು ನಿಮಿಷ ಅಂತರ. ಮುಂದಿನ ಬಸ್ಸಿನವ ಎರಡು ನಿಮಿಷ ಲೇಟಾದ್ರೆ ಹಿಂದಿನವನ ಜನವನ್ನು ಇವ ಹತ್ತಿಸಿಕೊಂಡ ಹಾಗೆ, ಆಗ ಜಗಳ. ಬಸ್‌ಸ್ಟ್ಯಾಂಡಲ್ಲಿ ಟೈಮ್ ಕೀಪರ್ ಒಂದು ಪುಸ್ತಕ ಹಿಡ್ಕೊಂಡು ನಿಂತಿರ್ತಾರೆ, ಬಸ್ಸು ಪೂರ್ತಿ ನಿಲ್ಲುವ ಮೊದ್ಲೇ ಕಂಡಕ್ಟರ್ ಹಾರಿ ಇಳಿದು ಓಡಿ ಹೋಗಿ ಟೈಮ್ ಹಾಕಿಸಿಕೊಂಡು ಬರ್ತಾನೆ, ಅವ ವಾಪಸ್ ಬರುವಾಗ ಬಸ್ಸು ಮತ್ತೆ ಮೂವ್ ಆಗಿರ್ತದೆ. ಲೇಟಾದ್ರೆ ನಿಮಿಷಕ್ಕೆ ಇಷ್ಟು ಅಂತ ಕೆಲವು ಕಡೆ ದಂಡವೂ ಉಂಟು ಅಂತ ಕಂಡಕ್ಟರುಗಳೇ ಹೇಳ್ತಾರೆ. ಅಂದ್ರೆ ನೋಡಿ, ಫಾಸ್ಟ್ ಹೋದ್ರೆ ಸರ್ಕಾರದ ದಂಡ ಯಾವತ್ತೋ ಒಂದು ದಿನ ಬರ್ತದೆ, ಸ್ಲೋ ಹೋದ್ರೆ ದಂಡ ಅವತ್ತೇ ಸಂಜೆ ಬರ್ತದೆ. ಡ್ರೈವರ್ ಯಾವುದಕ್ಕೆ ಹೆದರ್ತಾನೆ ನೀವೇ ಹೇಳಿ.

ಮುಂದಿನ ಸೀಟಲ್ಲಿ ಕೂತ್ರೆ ಎಲ್ಲ ಕಾಣ್ತದೆ. ಡ್ಯಾಶ್‌ಬೋರ್ಡಲ್ಲಿ ದೇವರ ಫೋಟೋ, ಅದಕ್ಕೆ ಅಬ್ಬಲಿಗೆ ಮಾಲೆ, ಕಡ್ಡಿ ಸಿಕ್ಕಿಸಿದ ಬಾಳೆಹಣ್ಣು, ಅದರ ಕೆಳಗೆ ಸ್ಪೀಡೋಮೀಟರ್. ಎಷ್ಟೋ ಬಸ್ಸಲ್ಲಿ ಆ ಮುಳ್ಳು ಸೊನ್ನೆಯಲ್ಲೇ ಮಲಗಿರ್ತದೆ, ಗಾಡಿ ಮಾತ್ರ ಉಚ್ಚಿಲ ದಾಟಿ ಪಡುಬಿದ್ರಿ ಕಡೆಗೆ ಹಾರ್ತಾ ಇರ್ತದೆ. ಮುಳ್ಳು ಯಾಕೆ ಏಳುದಿಲ್ಲ ಅಂತ ಕೇಳಿದ್ರೆ ಕೇಬಲ್ ಹೋಗಿದೆ ಅಂತಾರೆ, ಎಲ್ಲ ಬಸ್ಸಿನ ಕೇಬಲ್ಲೂ ಹೇಗೆ ಹೋಗ್ತದೆ ಅಂತ ನಾನು ಕೇಳ್ಲಿಕ್ಕೆ ಹೋಗ್ಲಿಲ್ಲ. ಡ್ರೈವರಿನ ಕಣ್ಣು ಕನ್ನಡಿಯಲ್ಲಿ, ಹಿಂದಿನ ಬಸ್ಸು ಎಲ್ಲಿ ಮುಟ್ಟಿತು ಅಂತ. ಫುಟ್‌ಬೋರ್ಡಲ್ಲಿ ನಿಂತವ ಬಾಡಿಗೆ ಎರಡು ಪೆಟ್ಟು ಹೊಡೆದು ರೈಟ್ ಪೋಯಿ, ಅಂದ್ರೆ ಹೋಗುವ, ಅಂತಾನೆ, ವಯಸ್ಸಾದ ಅಮ್ಮನ ಒಂದು ಕಾಲು ಇನ್ನೂ ಮೆಟ್ಟಿಲಲ್ಲೇ ಇರ್ತದೆ.

ಈಗ ಲೆಕ್ಕ ಹಾಕುವ. ಉಡುಪಿಯಿಂದ ಮಂಗ್ಳೂರು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೆಚ್ಚು ಕಮ್ಮಿ 58 ಕಿಲೋಮೀಟರ್ ಅಂತ ಇಟ್ಕೊಳ್ಳಿ, ಒಂದು ಎಕ್ಸ್‌ಪ್ರೆಸ್ಸಿಗೆ ಒಂದೂಕಾಲು ಗಂಟೆ ಟೈಮ್ ಕೊಟ್ಟಿದ್ದಾರೆ ಅಂತ ಇಟ್ಕೊಳ್ಳಿ, ಅಂದ್ರೆ 75 ನಿಮಿಷ. ಕೂಳೂರಿನಿಂದ ಒಳಗೆ, ಕೊಟ್ಟಾರ ಚೌಕಿ, ಲಾಲ್‌ಬಾಗ್, ಜ್ಯೋತಿ ದಾಟಿ ಸ್ಟೇಟ್‌ಬ್ಯಾಂಕ್ ಮುಟ್ಟುವ ಆ ಎಂಟು ಕಿಲೋಮೀಟರಿಗೆ ಆಫೀಸು ಟೈಮಲ್ಲಿ 25 ನಿಮಿಷ ಹೋಗ್ತದೆ, ಅದರಲ್ಲಿ ಯಾವ ಡ್ರೈವರೂ ಎಂತ ಮಾಡ್ಲಿಕ್ಕೂ ಆಗುದಿಲ್ಲ. ಉಳಿದದ್ದು 50 ನಿಮಿಷ, 50 ಕಿಲೋಮೀಟರ್. ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ, ಮುಲ್ಕಿ, ಹಳೆಯಂಗಡಿ, ಮುಕ್ಕ, ಸುರತ್ಕಲ್ ಅಂತ ನಿಲ್ಲಿಸಿ ಹತ್ತಿಸಿ ಇಳಿಸುದಕ್ಕೆ, ಹೆಜಮಾಡಿ ಟೋಲಿಗೆ ಸೇರಿ 12 ನಿಮಿಷ ಬಿಡಿ. ಉಳೀತು 38. ಐವತ್ತು ಕಿಲೋಮೀಟರನ್ನು 38 ನಿಮಿಷದಲ್ಲಿ ಹೋಗ್ಬೇಕಾದ್ರೆ ಸರಾಸರಿಯೇ 79 ಬೇಕು, ಸರಾಸರಿ ಅಂದ್ರೆ ಬ್ಯಾರಿಕೇಡ್ ಹತ್ರ ಸ್ಲೋ ಆದದ್ದು, ಯೂಟರ್ನ್ ಹತ್ರ ಬ್ರೇಕ್ ಹಾಕಿದ್ದು, ಮಳೆಗಾಲದಲ್ಲಿ ಗುಂಡಿ ತಪ್ಪಿಸಿದ್ದು ಎಲ್ಲ ಸೇರಿ. ಹಾಗಾದ್ರೆ ಖಾಲಿ ಸಿಕ್ಕಿದಲ್ಲಿ 90, 95 ಹೋಗದೆ ಉಪಾಯ ಇಲ್ಲ. ಬಸ್ಸಿಗೆ ಸ್ಪೀಡ್ ಗವರ್ನರ್, ಅಂದ್ರೆ ಸ್ಪೀಡ್ ಮೀರದ ಹಾಗೆ ತಡೆಯುವ ಸಾಧನ, 80ಕ್ಕೆ ಕಟ್ಟಿರ್ಬೇಕು ಅಂತ ರೂಲು, ಊರೊಳಗೆ ಕೇಂದ್ರದ 2018ರ ನೋಟಿಫಿಕೇಶನ್ ಪ್ರಕಾರ ಬಸ್ಸಿಗೆ 60. ಹಾಗಾದ್ರೆ ಗವರ್ನರ್ ಎಲ್ಲಿಗೆ ಹೋಯ್ತು? ಆರ್‌ಟಿಒದಲ್ಲಿ ಫಿಟ್‌ನೆಸ್ ಚೆಕ್ ಮಾಡಿಸುವ ಎಫ್‌ಸಿ ದಿನ ಇರ್ತದೆ, ಮರುದಿನ ವಯರ್ ಕಳಚಿರ್ತದೆ ಅಂತ ಗ್ಯಾರೇಜಿನವರನ್ನು ಕೇಳಿದ್ರೆ ನಗ್ತಾ ಹೇಳ್ತಾರೆ.

ನನ್ನ ಲೆಕ್ಕದಲ್ಲಿ ಐದು ನಿಮಿಷ ಆಚೆ ಈಚೆ ಇರ್ಬಹುದು, ಒಂದೊಂದು ಬಸ್ಸಿನ ಟೈಮು ಒಂದೊಂದು ತರ. ಆದ್ರೆ ಈ ಲೆಕ್ಕ ಯಾರಾದ್ರೂ ಅಧಿಕೃತವಾಗಿ ಹಾಕಿದ್ದಾರಾ ಅಂತ ನನ್ನ ಪ್ರಶ್ನೆ.

ಯಾಕಂದ್ರೆ ಈ ಟೈಮ್‌ಟೇಬಲ್ ಓನರ್ ಮನೆಯಲ್ಲಿ ಕೂತು ಬರೆದದ್ದಲ್ಲ. ಪರ್ಮಿಟ್ ಕೊಡುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅದರ ಅಧ್ಯಕ್ಷರು ಜಿಲ್ಲಾಧಿಕಾರಿ, ಕಾರ್ಯದರ್ಶಿ ಆರ್‌ಟಿಒ. ಸೆಕ್ಷನ್ 72ರ ಪ್ರಕಾರ ಟೈಮ್‌ಟೇಬಲ್ ಅಪ್ರೂವ್ ಮಾಡುದೂ ಅವ್ರೇ, ಅದರಿಂದ ಎಷ್ಟು ಆಚೆ ಈಚೆ ಆಗ್ಬಹುದು ಅಂತ ಷರತ್ತು ಹಾಕ್ಬಹುದಾದದ್ದೂ ಅವ್ರೇ, ಬಸ್ಸಲ್ಲಿ ಮತ್ತು ಸ್ಟ್ಯಾಂಡಲ್ಲಿ ಅದನ್ನು ಅಂಟಿಸಿ ಅಂತ ಹೇಳ್ಬಹುದಾದದ್ದೂ ಅವ್ರೇ. ನಾನು ಕೂತ ಒಂದು ಬಸ್ಸಲ್ಲೂ ಟೈಮ್‌ಟೇಬಲ್ ಅಂಟಿಸಿದ್ದು ನೋಡಿಲ್ಲ, ಬೀಡಿ ಸಿಗರೇಟ್ ಸೇದಬಾರದು, ತಲೆ ಕೈ ಹೊರಗೆ ಹಾಕಬಾರದು ಅಂತ ಮಾತ್ರ ಉಂಟು. ಈಗ 183ರ ನಾಲ್ಕನೇ ಉಪಕಲಮನ್ನು ಇದರ ಪಕ್ಕ ಇಟ್ಟು ಓದಿ. ಲಿಮಿಟ್ ಮೀರದೆ ಮುಟ್ಟಲಿಕ್ಕೆ ಆಗದ ಟೈಮನ್ನು ಪ್ರಕಟ ಮಾಡಿದವರು ಅಂತ ಹೇಳಿದ್ರೆ ಅದರಲ್ಲಿ ಓನರ್ ಮೊದ್ಲು ಬರ್ತಾನೋ, ಸೀಲು ಒತ್ತಿದ ಆಫೀಸು ಮೊದ್ಲು ಬರ್ತದೋ? ಹಾಗಾಗಿಯೇ ಈ ಸೆಕ್ಷನ್ ಹೊರಗೆ ಬರುದಿಲ್ಲ ಅಂತ ನನ್ನ ಅನುಮಾನ. ತಪ್ಪಾಗಿದ್ರೆ ಸಂಬಂಧಪಟ್ಟವರು ನಿಮ್ಮ ಪೇಪರಲ್ಲೇ ಉತ್ತರ ಕೊಡ್ಲಿ, ಓದಿ ಸುಮ್ಮನಾಗ್ತೇನೆ.

ಆಕ್ಸಿಡೆಂಟ್ ಆದ್ರೆ ಎಂತ ಆಗ್ತದೆ ಅಂತ ನನ್ನ ಕೈಯಲ್ಲಿ ಟೈಪ್ ಆಗುವ ಫೈಲುಗಳೇ ಹೇಳ್ತವೆ. ಎಫ್‌ಐಆರಲ್ಲಿ ವಾಕ್ಯ ಒಂದೇ, ಸದ್ರಿ ಚಾಲಕನು ದುಡುಕುತನ ಹಾಗೂ ನಿರ್ಲಕ್ಷ್ಯತನದಿಂದ ಚಲಾಯಿಸಿ ಅಂತ ಶುರುವಾಗ್ತದೆ, ಊರಿನ ಹೆಸರು ಗಾಡಿ ನಂಬರ್ ಮಾತ್ರ ಬದಲು. ಬಸ್ಸು ಎಷ್ಟು ಗಂಟೆಗೆ ಎಲ್ಲಿ ಬಿಡ್ಬೇಕಿತ್ತು, ಎಷ್ಟು ಲೇಟಾಗಿ ಓಡ್ತಾ ಇತ್ತು, ಹಿಂದಿನ ಬಸ್ಸು ಎಷ್ಟು ದೂರ ಇತ್ತು, ಈ ಪ್ರಶ್ನೆಗೆ ಅದರಲ್ಲಿ ಜಾಗವೇ ಇಲ್ಲ. ಕೇಂದ್ರ ಸಾರಿಗೆ ಇಲಾಖೆಯ ಪಟ್ಟಿಯಲ್ಲಿ 2022ರಲ್ಲಿ ದೇಶದಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಜನ, ಅದರಲ್ಲಿ 70 ಪರ್ಸೆಂಟಿಗಿಂತ ಜಾಸ್ತಿ ಓವರ್‌ಸ್ಪೀಡಿನ ಲೆಕ್ಕಕ್ಕೆ ಹೋಗಿದೆ. ಸ್ಪೀಡಿನಿಂದ ಸಾಯ್ತಾರೆ ಅನ್ನುದು ನಿಜ, ಆದ್ರೆ ಆ ಕಾಲಂ ತುಂಬುವ ರೀತಿ ನನಗೆ ಗೊತ್ತುಂಟು, ಸ್ಪೀಡ್ ಅಂತ ಒಂದು ಟಿಕ್ ಹಾಕಿದ್ರೆ ರಸ್ತೆ ಮಾಡಿದ ಇಂಜಿನಿಯರೂ ಬಚಾವ್, ಟೈಮ್ ಮಾಡಿದವರೂ ಬಚಾವ್. ರಸ್ತೆ ತಪ್ಪು ಕಟ್ಟಿದವರಿಗೆ ಒಂದು ಲಕ್ಷದವರೆಗೆ ದಂಡ ಹಾಕ್ಲಿಕ್ಕೆ 198ಎ ಅಂತ ಸೆಕ್ಷನ್ನೂ ಉಂಟು, ಉಡುಪಿ ಹತ್ರದ ಸಂತೆಕಟ್ಟೆ ಅಂಡರ್‌ಪಾಸ್ ಕೆಲಸ ಎಳೆದ ಚಂದ ನೋಡಿದವರಿಗೆ ಅದನ್ನು ನೆನಪಿಸುವ ಅಗತ್ಯ ಇಲ್ಲ, ಅದು ಬೇರೆಯೇ ಪತ್ರ ಆಗ್ತದೆ.

ಡ್ರೈವರಿಗೆ ಮಾತ್ರ ಎಲ್ಲ ಬಾಗಿಲೂ ಮುಚ್ಚಿ ಬರ್ತದೆ. ಯಾರಾದ್ರೂ ಸತ್ರೆ ಹಳೇ ದಂಡ ಸಂಹಿತೆಯ 304ಎ ಇದ್ದಾಗ ಎರಡು ವರ್ಷವರೆಗೆ ಶಿಕ್ಷೆ, ಈಗ ನ್ಯಾಯ ಸಂಹಿತೆಯ 106ರಲ್ಲಿ ಐದು ವರ್ಷವರೆಗೆ. ಓಡಿ ಹೋದ್ರೆ ಹತ್ತು ವರ್ಷ ಅಂತ ಒಂದು ತಂದಿದ್ರು, 2024ರ ಜನವರಿಯಲ್ಲಿ ದೇಶ ಪೂರ್ತಿ ಲಾರಿಯವರು ಸ್ಟ್ರೈಕ್ ಮಾಡಿದ್ಮೇಲೆ ಜುಲೈಯಲ್ಲಿ ಹೊಸ ಕಾನೂನು ಬರುವಾಗ ಅದೊಂದನ್ನು ಮಾತ್ರ ತಡೆದಿಟ್ರು. ಓವರ್‌ಸ್ಪೀಡಿಗೆ ಮೂರು ತಿಂಗಳಾದ್ರೂ ಲೈಸೆನ್ಸ್ ಸಸ್ಪೆಂಡ್ ಮಾಡಿ ಅಂತ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಹೇಳಿದೆ. ಮೂರು ತಿಂಗಳು ಲೈಸೆನ್ಸ್ ಇಲ್ಲ ಅಂದ್ರೆ ಬಸ್ ಡ್ರೈವರಿಗೆ ಮೂರು ತಿಂಗಳು ಒಲೆ ಉರಿಯುದಿಲ್ಲ. ಆ ಮೂರು ತಿಂಗಳೂ ಅದೇ ಬಸ್ಸು ಅದೇ ಟೈಮಿಗೆ ಬೇರೆ ಹುಡುಗನ ಕೈಯಲ್ಲಿ ಓಡ್ತಾ ಇರ್ತದೆ, ಹುಡುಗ ಹೊಸಬ, ರೂಟೂ ಹೊಸತು, ಟೈಮು ಮಾತ್ರ ಹಳತೇ. ಯಾರಿಗೆ ಪಾಠ ಆಯ್ತು?

ಓನರುಗಳ ಮಾತನ್ನೂ ಕೇಳಿದ್ದೇನೆ, ಪೂರ್ತಿ ತೆಗೆದು ಹಾಕ್ಲಿಕ್ಕೆ ಆಗುದಿಲ್ಲ. ಡೀಸೆಲ್, ಇನ್ಶೂರೆನ್ಸ್, ಟ್ಯಾಕ್ಸ್, 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಸರ್ಕಾರಿ ಬಸ್ಸು ಇರುವ ರೂಟಲ್ಲಿ ಹೆಂಗಸರು ಆ ಕಡೆ ಹೋದ್ರು, ಕಲೆಕ್ಷನ್ ಕಮ್ಮಿ ಆಯ್ತು, ಒಂದು ಟ್ರಿಪ್ ಕಟ್ ಆದ್ರೂ ನಷ್ಟ ಅಂತಾರೆ. ಇರ್ಬಹುದು. ನಾವು ಪ್ರಯಾಣಿಕರೂ ಸಾಧು ಅಲ್ಲ, ಯಾವ ಬಸ್ಸು ಬೇಗ ಮುಟ್ಟಿಸ್ತದೆ ಅಂತ ನೋಡಿ ಅದಕ್ಕೇ ನುಗ್ತೇವೆ, ಹತ್ತಿದ ಮೇಲೆ ದೇವ್ರೇ ಎಂಥ ಸ್ಪೀಡು ಅಂತ ಪಕ್ಕದವರ ಹತ್ರ ಹೇಳ್ತೇವೆ, ಹತ್ತು ನಿಮಿಷ ಲೇಟಾದ್ರೆ ಕಂಡಕ್ಟರಿಗೆ ಬೈಯುದೂ ನಾವೇ. ಆದ್ರೆ ಎರಡು ಬಸ್ಸಿನ ನಡುವೆ ಎರಡು ನಿಮಿಷ ಇಟ್ಟು ಪರ್ಮಿಟ್ ಹಂಚಿದ್ದು ಪ್ರಯಾಣಿಕರಲ್ಲ. ಅಂತರ ಆರೇಳು ನಿಮಿಷ ಆದ್ರೆ, ಟ್ರಿಪ್ಪಿಗೆ ಹತ್ತು ಹದಿನೈದು ನಿಮಿಷ ಜಾಸ್ತಿ ಕೊಟ್ರೆ, ನಾನು ಅಷ್ಟು ಮೊದ್ಲು ಮನೆಯಿಂದ ಹೊರಡ್ತೇನೆ, ಅದರಿಂದ ಯಾರ ಮನೆಯೂ ಮುಳುಗುದಿಲ್ಲ. ಕೆಲವು ಓನರುಗಳ ಟ್ರಿಪ್ ದಿನಕ್ಕೆ ಒಂದು ಕಮ್ಮಿ ಆಗ್ತದೆ, ಅಲ್ಲಿಯೇ ಇರುದು ಗಂಟು.

ಬಸ್ಸಿನದ್ದು ಮಾತ್ರ ಹೇಳಿದ್ರೆ ಬಸ್ಸಿನವರಿಗೆ ಅನ್ಯಾಯ ಆಗ್ತದೆ. ಮಲ್ಪೆ ಬಂದರಿನಿಂದ ಮೀನು ತುಂಬಿಸಿಕೊಂಡು ಕೇರಳಕ್ಕೆ ಹೋಗುವ ಇನ್ಸುಲೇಟರ್ ಗಾಡಿಗಳನ್ನು ರಾತ್ರಿ ಹೈವೇಯಲ್ಲಿ ನೋಡಿ, ಮಾರ್ಕೆಟ್ ಹರಾಜಿಗೆ ಮೊದ್ಲು ಮುಟ್ಟದಿದ್ರೆ ರೇಟ್ ಬಿದ್ದು ಹೋಗ್ತದೆ, ಇಷ್ಟು ಗಂಟೆಗೆ ಅಲ್ಲಿರ್ಬೇಕು ಅಂತ ಹೇಳಿಯೇ ಕಳಿಸುದು. ಮಣಿಪಾಲ, ಮಂಗ್ಳೂರಲ್ಲಿ ಬೆನ್ನಿಗೆ ಬ್ಯಾಗ್ ಕಟ್ಟಿಕೊಂಡು ಸ್ಕೂಟರಲ್ಲಿ ಹಾರುವ ಡೆಲಿವರಿ ಹುಡುಗರ ಮೊಬೈಲಲ್ಲಿ ಗಡಿಯಾರ ಹಿಂದಕ್ಕೆ ಓಡ್ತಾ ಇರ್ತದೆ. ನಾವು ಹುಡುಗರಿಗೆ ಅವಸರ ಮಾಡುದಿಲ್ಲ, ಗಿರಾಕಿಗೆ ಟೈಮ್ ಹೇಳುದು ಮಾತ್ರ ಅಂತ ಕಂಪೆನಿಗಳ ವಾದ. ಗಿರಾಕಿಗೆ ಹೇಳುದು ಅಂದ್ರೆ ಪ್ರಕಟ ಮಾಡಿದ ಹಾಗೇ ಅಲ್ವಾ? ಎಷ್ಟು ದೂರ, ಎಷ್ಟು ಸಿಗ್ನಲ್, ಎಷ್ಟು ನಿಮಿಷ ಅಂತ ಅವರ ಕಂಪ್ಯೂಟರಲ್ಲೇ ಇರ್ತದೆ, ಕೋರ್ಟು ಕೇಳಿದ್ರೆ ತೋರಿಸ್ಲಿ. ಇದರಲ್ಲಿ ಕೆಲವಕ್ಕೆ ಸೆಕ್ಷನ್ ಸರಿಯಾಗಿ ಹೊಂದುತ್ತದೋ ಇಲ್ವೋ ಅಂತ ವಕೀಲರು ವಾದ ಮಾಡ್ಲಿ, ಆದ್ರೆ ಅದಕ್ಕೆ ಒಂದು ಕೇಸಾದ್ರೂ ಹಾಕ್ಬೇಕಲ್ಲ.

ಸಾಕ್ಷ್ಯ ಸಿಗುದಿಲ್ಲ ಅಂತ ಮಾತ್ರ ಯಾರೂ ಹೇಳ್ಬೇಡಿ. ಒಬ್ಬ ಪೊಲೀಸ್ ಕಣ್ಣಂದಾಜಲ್ಲಿ ಈ ಗಾಡಿ ಜೋರು ಹೋಯ್ತು ಅಂದ್ರೆ ಅಷ್ಟರಿಂದ ಶಿಕ್ಷೆ ಆಗ್ಲಿಕ್ಕಿಲ್ಲ, ಉಪಕರಣದ ಲೆಕ್ಕ ಬೇಕು ಅಂತ ಅದೇ 183ರಲ್ಲಿ ಉಂಟು, ಅದು ನ್ಯಾಯವೇ. ಈಗ ಉಪಕರಣಕ್ಕೆ ಎಂತ ಬರ ಉಂಟು ಹೇಳಿ. ಬಸ್ಸುಗಳಿಗೆ ಟ್ರ್ಯಾಕಿಂಗ್ ಡಿವೈಸು ಪ್ಯಾನಿಕ್ ಬಟನ್ನು ಹಾಕಿಸಿ ಅಂತ ಸರ್ಕಾರವೇ ಹಟ ಹಿಡಿದಿದೆ. ಸಾಸ್ತಾನ ಟೋಲ್ ಎಷ್ಟು ಗಂಟೆಗೆ ದಾಟಿತು, ಹೆಜಮಾಡಿ ಟೋಲ್ ಎಷ್ಟು ಗಂಟೆಗೆ ದಾಟಿತು ಅಂತ ಫಾಸ್ಟ್ಯಾಗಲ್ಲಿ ಸೆಕೆಂಡ್ ಸಮೇತ ಇರ್ತದೆ. ಒಂದು ತಿಂಗಳ ಲೆಕ್ಕ ತೆಗೆದು ಅಪ್ರೂವ್ ಆದ ಟೈಮ್‌ಟೇಬಲ್ ಪಕ್ಕ ಇಟ್ರೆ, ಯಾವ ಡ್ರೈವರ್ ಕೊಬ್ಬಿನಿಂದ ಓಡಿಸಿದ್ದು, ಯಾವ ಟೈಮಿಂಗ್ ಯಾರ ಕೈಯಲ್ಲೂ ಆಗದ್ದು ಅಂತ ಬೇರೆ ಬೇರೆಯಾಗಿ ಕಾಣ್ತದೆ. ಮೊದಲನೆಯವನಿಗೆ ಏನು ಬೇಕಾದ್ರೂ ಮಾಡಿ, ನಾನು ಅಡ್ಡ ಬರುದಿಲ್ಲ.

ಕ್ಯಾಮೆರಾದವರಿಗೂ ಒಂದು ಮಾತು. ಕ್ಯಾಮೆರಾ ಉಂಟು ಅಂತ ಮುಂಚೆಯೇ ಕಾಣುವ ಹಾಗೆ ಬೋರ್ಡ್ ಹಾಕ್ಬೇಕು, ನೋಟೀಸು 15 ದಿನದೊಳಗೆ ಕಳಿಸ್ಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳ 167ಎ ರೂಲಲ್ಲಿ ಉಂಟು. ಕಡಿಮೆ ಲಿಮಿಟ್ ಇಟ್ಟ ಜಾಗದಲ್ಲಿ ಬೋರ್ಡ್ ಇರ್ಲೇಬೇಕು ಅಂತ ಕಾಯ್ದೆಯ ಸೆಕ್ಷನ್ 112ರಲ್ಲೂ ಉಂಟು. ನಮ್ಮಲ್ಲಿ ಜಂಕ್ಷನಿನ ಬೋರ್ಡಿಗೆ ಯಾರದ್ದೋ ಹುಟ್ಟುಹಬ್ಬದ ಫ್ಲೆಕ್ಸ್ ಅಡ್ಡ ಕಟ್ಟಿರ್ತಾರೆ, ಇಲ್ಲದಿದ್ರೆ ಬಳ್ಳಿ ಹಬ್ಬಿರ್ತದೆ, 40 ಅಂತ ಬರೆದದ್ದರಲ್ಲಿ ಸೊನ್ನೆ ಮಾತ್ರ ಕಾಣ್ತದೆ. ದಂಡ ಹಾಕುವ ಮೊದ್ಲು ಒಂದು ಕತ್ತಿ ಹಿಡ್ಕೊಂಡು ಬಳ್ಳಿ ಕಡಿದ್ರೆ ಒಳ್ಳೇದು.

ಆಗುದಿಲ್ಲ ಹೋಗುದಿಲ್ಲ ಅಂತ ಕೂರುವವರಿಗೆ ಸುರತ್ಕಲ್ ಟೋಲ್ ನೆನಪು ಮಾಡ್ತೇನೆ, ಎಷ್ಟು ವರ್ಷ ಜನ ಹೋರಾಟ ಮಾಡಿದ್ರು, ಅದು ತೆಗೀಲಿಕ್ಕೆ ಸಾಧ್ಯವೇ ಇಲ್ಲ ಅಂತ ಎಲ್ರೂ ಹೇಳ್ತಿದ್ರು, 2022ರ ಡಿಸೆಂಬರ್ 1ಕ್ಕೆ ಬಂದ್ ಆಯ್ತು. ಟೈಮಿಂಗ್ ಬದಲಾಯಿಸ್ಲಿಕ್ಕೆ ಅಷ್ಟು ಕಷ್ಟವೂ ಇಲ್ಲ, ಗುತ್ತಿಗೆ ಇಲ್ಲ, ದೆಹಲಿಗೆ ಹೋಗ್ಬೇಕಾಗಿಲ್ಲ, ಎರಡು ಜಿಲ್ಲಾಧಿಕಾರಿಗಳು ಎರಡು ಮೀಟಿಂಗ್ ಕರೆದ್ರೆ ಆಗುವ ಕೆಲಸ. ಮೀಟಿಂಗಿಗೆ ಓನರುಗಳನ್ನು ಮಾತ್ರ ಕರೀಬೇಡಿ, ಡ್ರೈವರುಗಳನ್ನೂ ಕೂರಿಸಿ, ಓನರುಗಳು ಆಚೆ ಹೋದ ಮೇಲೆ ಅವರನ್ನು ಕೇಳಿ.

ಸಂಪಾದಕರೇ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಉಡುಪಿ, ದಕ್ಷಿಣ ಕನ್ನಡ ಎರಡೂ ಕಡೆಯ ಪ್ರಾಧಿಕಾರದಿಂದ ಅಪ್ರೂವ್ ಆದ ಟೈಮ್‌ಟೇಬಲನ್ನು ಮಾಹಿತಿ ಹಕ್ಕಿನಲ್ಲಿ ತೆಗೆದು ಅರ್ಧ ಪುಟ ಪ್ರಿಂಟ್ ಮಾಡಿ, ಬಸ್ಸಿನ ನಂಬರ್ ಹಾಕಿ, ಎಲ್ಲಿ ಎಷ್ಟು ಗಂಟೆಗೆ ಅಂತ ಹಾಕಿ, ಓನರಿನ ಹೆಸರು ಬೇಕಾಗಿಲ್ಲ. ಅರ್ಜಿ ನಾನು ಟೈಪ್ ಮಾಡಿ ಕೊಡ್ತೇನೆ, ಹತ್ತು ರೂಪಾಯಿ ಫೀಸೂ ನಾನೇ ಕಟ್ತೇನೆ. ಪೇಪರ್ ಬಂದ ದಿನ ಬಸ್ಸಲ್ಲಿ ಕೂತ ನೂರು ಜನ ಮೊಬೈಲಲ್ಲಿ ಟೈಮ್ ನೋಡ್ತಾ ಲೆಕ್ಕ ಹಾಕ್ಲಿ, ಯಾವ ಟೈಮಿಂಗಿಗೆ ಎಷ್ಟು ಸ್ಪೀಡ್ ಬೇಕು ಅಂತ ಬರೆದು ನಿಮಗೇ ಕಳಿಸ್ಲಿ.

ಇತಿ,
ಎಕ್ಸ್‌ಪ್ರೆಸ್ ಬಸ್ಸಿನ ಒಬ್ಬಳು ಪ್ರಯಾಣಿಕಳು,
ಕಟಪಾಡಿ, ಉಡುಪಿ ಜಿಲ್ಲೆ